ಭಾವ ಮತ್ತು ಪ್ಲಗ್ಗು
ಲಾರಿ ಓಡಿಸುವ ನಾನು ನಮ್ಮ ಭಾವನ ಕೈಗೆ ಸಿಕ್ಕಿಬಿದ್ದರೆ ಆ ದಿನದ ಊಟ ಮರೆತಂತೆಯೇ. ತಂಪು ಕಂಟೇನರುಗಳಿಗೆ ಕರೆಂಟು ಕೊಡುವುದು ಬಂದರಿನ ಯಾರ್ಡಿನಲ್ಲಿ ಅವರ ಕೆಲಸ. ಪೆಟ್ಟಿಗೆ ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಹೋಗುವಾಗ ಒಂದು ಕಡೆ ಪ್ಲಗ್ಗು ಕಿತ್ತು ಇನ್ನೊಂದು ಕಡೆ ಚುಚ್ಚಬೇಕು, ಅಷ್ಟೇ. ಅಷ್ಟಕ್ಕೆ ಈ ಮನುಷ್ಯ ಬಾಗಿಲ ಮೇಲೆ ಅಂಗೈ ಇಡುತ್ತಾರೆ, ಮೋಟಾರಿಗೆ ಕಿವಿ ಹಚ್ಚುತ್ತಾರೆ. ಹಾರ್ನ್ ಹೊಡೆದರೆ, "ತಡ್ಕೊಳ್ಳೋ, ಅದು ಸ್ವಲ್ಪ ಸುಧಾರಿಸ್ಕೊಳ್ಳಲಿ" ಎನ್ನುತ್ತಾರೆ. ಸುಧಾರಿಸಿಕೊಳ್ಳಲು ಅದೇನು ಬಾಣಂತಿಯೇ? ಹೆಪ್ಪುಗಟ್ಟಿದ ಮೀನು! ಕ್ರೇನು ಪೆಟ್ಟಿಗೆಯನ್ನು ಎತ್ತಿ ಇಳಿಸುವಷ್ಟರಲ್ಲಿ ಇವರು ವೈರು ಎಳೆದುಕೊಂಡು ಓಡಿ, ಉಸಿರು ಬಿಗಿಹಿಡಿದು ನಿಂತಿರುತ್ತಾರೆ. "ಅರ್ಧ ಗಂಟೆ ಕರೆಂಟಿಲ್ಲದಿದ್ರೆ ತಂಪೇನೂ ಓಡಿಹೋಗಲ್ಲ ಭಾವ" ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಮೊನ್ನೆ ಖಾಲಿ ಪೆಟ್ಟಿಗೆಯೊಂದಕ್ಕೆ ಪ್ಲಗ್ಗು ಚುಚ್ಚಿ ಮಧ್ಯಾಹ್ನವಿಡೀ ಕಾವಲು ಕೂತಿದ್ದರು. ಮನೆಯಲ್ಲೂ ಇದೇ ಗೋಳು. ಫ್ರಿಜ್ಜಿನ ಬಾಗಿಲು ತೆರೆದರೆ ಸಾಕು, "ಮುಚ್ಚು, ಮುಚ್ಚು!" ಎಂದು ಹಾರಿಬೀಳುತ್ತಾರೆ. ಹಾಲು ತೆಗೆಯಬೇಕೆಂದರೆ ಅಕ್ಕ ಇವರು ಸ್ನಾನಕ್ಕೆ ಹೋಗುವುದನ್ನೇ ಕಾಯುತ್ತಾಳೆ. ಇವರ ಮಗಳು ಏಳು ತಿಂಗಳಿಗೇ ಹುಟ್ಟಿದವಳು. ಕೂಸನ್ನು ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಂಬುಲೆನ್ಸಿನಿಂದ ಲಿಫ್ಟಿಗೆ, ಲಿಫ್ಟಿನಿಂದ ವಾರ್ಡಿಗೆ ಸಾಗಿಸುವಾಗ, ಕಿತ್ತ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲೇ ಓಡಿದವರು ಇವರು. ಈಗ ಆ ಹುಡುಗಿ ಫ್ರಿಜ್ಜಿನ ಬಾಗಿಲು ಹಾರುಹೊಡೆದು ನಿಂತು, ಫೋನಿನಲ್ಲಿ ಹರಟುತ್ತ, ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಾಳೆ. ಅವಳು ಕುಡಿದು ಮುಗಿಸುವವರೆಗೂ ಭಾವ ತುಟಿಪಿಟಕ್ಕೆನ್ನದೆ ನೋಡುತ್ತಿರುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಗದರುತ್ತಾರೆ: "ನೋಡ್ತಾ ನಿಂತಿದ್ದೀಯಲ್ಲೋ, ಬಾಗಿಲು ಮುಚ್ಚೋಕಾಗಲ್ವಾ ನಿನಗೆ?"