ಆ ಸಂಜೆ ಎಡಗಡೆಯ ಸಿಲಿಂಡರ್ ಸತ್ತಿತ್ತು

ಕಳೆದ ಭಾನುವಾರ ಬೆಳಿಗ್ಗೆ ನಾನು ಬೆಟಗೇರಿಯ ಒಂದು ಬಯಲಿನ ಅಂಚಿನಲ್ಲಿ, ಎಳನೀರಿನ ಗಾಡಿಯ ಪಕ್ಕ ನಿಂತಿದ್ದೆ. ಬಯಲಿನಲ್ಲಿ ಹಳೆಯ ಮೋಟಾರ್‌ಸೈಕಲ್ ಇಟ್ಟುಕೊಂಡವರು ಸೇರಿದ್ದರು. ಒಬ್ಬ ಕೆಂಪು ಗಾಡಿಯೊಂದಕ್ಕೆ ಕಿಕ್ ಹೊಡೆದ. ಪೆಟ್ರೋಲಿನ ಜೊತೆ ಆಯಿಲ್ ಸುಟ್ಟ ನೀಲಿ ಹೊಗೆ ನೇರ ನನ್ನ ಕಡೆಗೇ ಬಂತು. ಆ ವಾಸನೆಗೆ ನನಗೆ ನೆನಪಾದದ್ದು ಗಾಜಿನ ಬಳೆ...

ಲಕ್ಷ್ಮೇಶ್ವರದಲ್ಲಿ ನಮ್ಮ ಪಕ್ಕದ ಮನೆಯವರು ಬಳೆಗಾರರು. ಓಣಿಗೆಲ್ಲ ಅವರು ಚಾಚಾ. ಬಳೆ ಮಾರುವವರಿಗೆ ಪಂದ್ಯದಲ್ಲಿ ಓಡಿಸುವಂಥ, ಎರಡು ಸಿಲಿಂಡರ್, ಎರಡು ಸೈಲೆನ್ಸರಿನ ಗಾಡಿ ಏಕೆಂದು ಜನ ನಗುತ್ತಿದ್ದರು. ನಾನೂ ಒಮ್ಮೆ ಕೇಳಿದ್ದೆ.

“ಒಂದ ಸಿಲಿಂಡರಿನ ಗಾಡಿ ಮೈಯೆಲ್ಲಾ ನಡಗಸ್ತೈತ್ರಿ ಮಾಸ್ತರ. ಓಣಿ ದಾಟೂದ್ರಾಗ ಅರ್ಧ ಬಳಿ ಚೂರು. ಇದು ತೊಟ್ಟಿಲಾ ತೂಗಿದಂಗ ಹೋಗ್ತೈತಿ,” ಎಂದಿದ್ದರು. ಆಮೇಲೆ ದನಿ ತಗ್ಗಿಸಿ, “ಬರೂ ಮುಂದ ಡಬ್ಬಿ ಖಾಲಿ ಇರ್ತಾವಲ್ಲ, ಆವಾಗ ಬ್ಯಾರೆ ಮಾತು!” ಎಂದು ನಕ್ಕಿದ್ದರು.

ಆ ಗಾಡಿಯ ಗುಣವೇ ಬೇರೆ. ಆಕ್ಸಿಲರೇಟರ್ ತಿರುವಿದರೆ ಅರ್ಧದ ತನಕ ಏನೂ ಇಲ್ಲ. ಆಮೇಲೆ ಒಮ್ಮೆಲೇ, ಹಿಂದಿನಿಂದ ಯಾರೋ ನೂಕಿದ ಹಾಗೆ ಹಾರುತ್ತಿತ್ತು. ಬ್ರೇಕು ಹೆಸರಿಗೆ ಮಾತ್ರ. ಓಡಲೆಂದೇ ಮಾಡಿದ ಗಾಡಿ, ನಿಧಾನಕ್ಕೆ ಮುನಿಸಿಕೊಳ್ಳುತ್ತಿತ್ತು. ಚಾಚಾ ಬಳೆ ಹೇರಿಕೊಂಡು ಎತ್ತಿನ ಬಂಡಿಯಷ್ಟೇ ನಿಧಾನ ಹೋಗುತ್ತಿದ್ದರಿಂದ ಎಡಗಡೆಯ ಪ್ಲಗ್ಗಿಗೆ ಆಯಿಲ್ ಹಿಡಿದು ಆ ಕಡೆಯ ಸಿಲಿಂಡರ್ ಸಾಯುತ್ತಿತ್ತು. ಉಳಿದ ಒಂದರ ಮೇಲೆ ಗಾಡಿ ಗಡಗಡ ನಡುಗುತ್ತಿತ್ತು. ಕೂಡಲೇ ಅವರು ಇಳಿದು ನೂಕುತ್ತಿದ್ದರು. ಬಳೆ ಇದ್ದಾಗ ಒಂದೇ ಸಿಲಿಂಡರಿನ ಮೇಲೆ ಅವರು ಓಡಿಸಿದ್ದನ್ನು ನಾನು ನೋಡಿಲ್ಲ.

ನಾನಾಗ ಬೆಳ್ಳಟ್ಟಿಯಲ್ಲಿ ಶಾಲಾ ಮಾಸ್ತರ. ಆ ಸಂಜೆ, ಬಿಸಿಲು ಇನ್ನೂ ಇರುವಾಗಲೇ, ನೀಲವ್ವನ ಚಹಾದಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮುಂಡರಗಿ ಕಡೆಯ ರಸ್ತೆಯಿಂದ ಚಾಚಾ ಗಾಡಿ ನೂಕಿಕೊಂಡು ಬಂದರು. ಡಬ್ಬಿಯಲ್ಲಿ ಇನ್ನೂ ಅರ್ಧ ಬಳೆ ಉಳಿದಿದ್ದವು. ಅಂಗಿ ಬೆನ್ನಿಗೆ ಅಂಟಿತ್ತು.

“ಏನ್ ಚಾಚಾ, ಗಾಡಿ ನಿಮ್ಮನ್ನ ಹೊರತೈತೋ, ನೀವ ಗಾಡಿ ಹೊರ್ತೀರೋ?” ಎಂದು ನೀಲವ್ವ ಒಲೆಯ ಮುಂದಿನಿಂದಲೇ ಕೂಗಿದಳು.

“ಸಂಸಾರ ಅಂದಮ್ಯಾಲ ಒಬ್ರನ್ನೊಬ್ರು ಹೊರೂದ ಐತೆವ್ವ. ಮದಲ ಚಹಾ ಕೊಡು.”

ಅವರು ಎಡಗಡೆಯ ಪ್ಲಗ್ ಬಿಚ್ಚಿದರು. ಕರ್ರಗೆ, ಒದ್ದೆಯಾಗಿತ್ತು. ಅದನ್ನು ಉಜ್ಜುತ್ತಿದ್ದಾಗ ಊರಿನ ಆಚೆ, ಶಿರಹಟ್ಟಿ ರಸ್ತೆಯ ಕಡೆಯಿಂದ ಒಂದು ಸದ್ದು ಕೇಳಿತು. ಎರಡು ಸಿಲಿಂಡರಿನ ಪೂರ್ತಿ ದನಿ. ಏರುತ್ತ ಏರುತ್ತ ದೂರವಾಯಿತು. ಅಂಥ ಗಾಡಿ ಆ ಭಾಗದಲ್ಲಿ ಇದ್ದದ್ದು ಎರಡೇ; ಇನ್ನೊಂದು ಶಿರಹಟ್ಟಿಯ ಶ್ರೀಮಂತರ ಮನೆಯದು. ಚಾಚಾ ಪ್ಲಗ್ ಕೈಯಲ್ಲಿ ಹಿಡಿದೇ ತಲೆಯೆತ್ತಿದರು.

“ಆಹಾ! ಶಿರಹಟ್ಟಿ ಗಾಡಿ. ಎರಡೂ ಹ್ಯಾಂಗ ಹಾಡಾಕ ಹತ್ತ್ಯಾವ ಕೇಳ್ರಿ ಮಾಸ್ತರ!”

ತಮ್ಮ ಬಾಳನ್ನೇ ಮುರಿಯಲಿದ್ದ ಸದ್ದನ್ನು ಆ ಮನುಷ್ಯ ಹೊಗಳಿದರು...

ಲೋಟ ಕೆಳಗಿಡುವಷ್ಟರಲ್ಲಿ ಸುದ್ದಿ ಬಂತು. ಶಿರಹಟ್ಟಿ ರಸ್ತೆಯ ಹಳ್ಳದ ಹತ್ತಿರ ಕುರಿ ಕಾಯುವ ಮುದುಕನಿಗೆ ಮೋಟಾರ್‌ಸೈಕಲ್ ಬಡಿದು, ನಿಲ್ಲದೆ ಹೋಗಿತ್ತು. ಮುದುಕನ ತೊಡೆ ಮುರಿದಿತ್ತು. ಅವನು ಹೇಳಿದ್ದು ಒಂದೇ ಮಾತು: ಎರಡು ಸೈಲೆನ್ಸರಿನ ಗಾಡಿ.

ಅಷ್ಟು ಸಾಕಾಯಿತು. ಮರುದಿನ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಅದು ಬಳೆಗಾರನ ಗಾಡಿ ಎಂದು ತೀರ್ಮಾನಿಸಿದರು. ಇನ್ನೊಂದು ಗಾಡಿಯ ಸುದ್ದಿಯನ್ನು ಒಬ್ಬನೂ ಎತ್ತಲಿಲ್ಲ. ನಾನು ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಚಾಚಾ ಎಲ್ಲಿಂದ ಬಂದರು, ಹೇಗೆ ಬಂದರು, ಪ್ಲಗ್ ಯಾರ ಕೈಯಲ್ಲಿತ್ತು, ಎಲ್ಲವನ್ನೂ.

“ಮಾಸ್ತರ, ಅಂವಾ ನಿಮ್ಮ ಓಣಿಯವ. ನೀವು ಹಂಗ ಅನ್ನೋರ. ಹುಡುಗೂರಿಗೆ ಪಾಠಾ ಹೇಳ್ರಿ, ಅಷ್ಟ ಸಾಕು,” ಎಂದರು. ನೀಲವ್ವ ಬಂದು ಹೇಳಿದಳು. ಅವಳನ್ನು ಬೈದು ಕಳಿಸಿದರು.

ಬಡಿದವರು ಯಾರೆಂದು ನಾನು ಕಂಡಿಲ್ಲ. ಕಾಣದ್ದನ್ನು ಇಂದಿಗೂ ಹೇಳುವುದಿಲ್ಲ. ಚಾಚಾ ಅಲ್ಲ ಎಂಬುದನ್ನು ಕಂಡಿದ್ದೇನೆ.

ಅವರ ಮೈಮೇಲೆ ಯಾರೂ ಕೈಮಾಡಲಿಲ್ಲ. ಬಳೆ ತೊಡಿಸಿಕೊಳ್ಳಲು ಹೆಂಗಸರು ಅವರ ಮುಂದೆ ಕೈ ನೀಡುವುದನ್ನು ನಿಲ್ಲಿಸಿದರು. ಬೆಳ್ಳಟ್ಟಿಯಲ್ಲಿ ಶುರುವಾದದ್ದು ಸುತ್ತಲಿನ ಊರುಗಳಿಗೆಲ್ಲ ಹಬ್ಬಿತು. ಬೆಳಿಗ್ಗೆ ತುಂಬಿಕೊಂಡು ಹೋದ ಡಬ್ಬಿ ಸಂಜೆ ತುಂಬಿಯೇ ಬರುತ್ತಿತ್ತು. ಹೋಗುವಾಗ ನಿಧಾನ, ಬರುವಾಗಲೂ ನಿಧಾನ... ಆ ಗಾಡಿಯ ಪೂರ್ತಿ ದನಿ ಮತ್ತೆ ನಮ್ಮ ಓಣಿಯಲ್ಲಿ ಕೇಳಲಿಲ್ಲ. ಕೊನೆಗೆ ಅದನ್ನು ಮಾರಿ, ಮನೆಮಂದಿಯನ್ನು ಕಟ್ಟಿಕೊಂಡು ಊರು ಬಿಟ್ಟರು. ಅವರು ತೀರಿಕೊಂಡ ಖಬರು ನನಗೆ ತಲುಪುವ ಹೊತ್ತಿಗೆ ಗೋರಿಯ ಮಣ್ಣೂ ಆರಿತ್ತು.

ಬೆಟಗೇರಿಯ ಬಯಲಿನಲ್ಲಿ ಆ ಕೆಂಪು ಗಾಡಿಯ ಹತ್ತಿರ ಹೋದೆ. ಸೀಟಿನ ಹಿಂದೆ, ಹೊಸ ಬಣ್ಣದ ಕೆಳಗೆ, ಬಳೆ ಡಬ್ಬಿ ಕಟ್ಟಲು ಬೆಸೆದಿದ್ದ ಕೊಂಡಿಗಳ ಗುರುತು ಉಬ್ಬಿತ್ತು. ಗಾಡಿಯ ಮಾಲೀಕ ಸುತ್ತ ನಿಂತವರಿಗೆ ಹೇಳುತ್ತಿದ್ದ: “ಇದು ಆ ಬಳಿಗಾರನ ಗಾಡಿ ನೋಡ್ರಲೇ. ಒಬ್ಬನ್ನ ಎತ್ತಿ ಒಗದು ಹ್ವಾದಂವಾ, ಬೆನ್ನ ಹತ್ತಿದವ್ರಿಗೆ ಹೊಗಿ ಸೈತ ಸಿಗಲಿಲ್ಲಂತ!” ಎಲ್ಲರೂ ನಕ್ಕರು.

“ಅದು ಸುಳ್ಳು,” ಎಂದೆ.

“ಅಜ್ಜಾರ, ಹಳೀ ಗಾಡಿಗೆ ಒಂದು ಕತಿ ಇರಬೇಕಲ್ರಿ. ಅದ್ರಾಗ ಖರೆ ಯಾವ್ದು, ಸುಳ್ಳ ಯಾವ್ದು, ಬಿಡ್ರಿ.”

ಕತೆಯಂತೆ! ಒಬ್ಬ ಮನುಷ್ಯನ ಅನ್ನ ಕಿತ್ತುಕೊಂಡ ಮಾತು ಇವರಿಗೆ ಭಾನುವಾರದ ಮೋಜು. ನನಗೆ ಇನ್ನೂ ಹೇಳುವುದಿತ್ತು. ಅವನು ಮತ್ತೆ ಆಕ್ಸಿಲರೇಟರ್ ತಿರುವಿದ. ಎರಡೂ ಸಿಲಿಂಡರ್ ಕೂಡಿ ಹಾಡಿದವು. ನನ್ನ ಮಾತು ಅದರಲ್ಲಿ ಮುಳುಗಿತು.

ಆದ್ದರಿಂದ ಬರೆದಿಡುತ್ತಿದ್ದೇನೆ. ಆ ಸಂಜೆ ಚಾಚಾ ಅಲ್ಲಿದ್ದದ್ದನ್ನು ಕಂಡವರಲ್ಲಿ ಈಗ ಉಳಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬಳು ನೀಲವ್ವ. ಡಂಬಳದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿವೆ. ಕಿವಿ ಚೆನ್ನಾಗಿವೆ. ಹೋಗಿ ಕೇಳಬಹುದು.