ಕಠ್ಮಂಡುವಿಗೆ ಕೊಂಡ ಸ್ವೆಟರುಗಳು

ಮದುವೆಯಾಗಲು ಕಠ್ಮಂಡುವಿಗೆ ಹೋಗೋಣ ಎಂದು ಮೊದಲು ಹೇಳಿದವಳು ನಾನೇ. ಹಿಮಾಲಯ ನೋಡುವ ಹುಚ್ಚೇನೂ ನನಗಿರಲಿಲ್ಲ. ನಮ್ಮ ಕಡೆಯವರು ಹೋಗದ ಊರು ಬೇಕಾಗಿತ್ತು, ಅಷ್ಟೇ. ತಿರುಪತಿಯಲ್ಲಿ ತಾಳಿ ಕಟ್ಟಿಸಿಕೊಂಡರೆ ಕ್ಯೂನಲ್ಲಿ ಮುಂದೆ ನಿಂತವರು ನಮ್ಮ ಸಾದಲಿ ಕಡೆಯವರೇ ಆಗಿರುತ್ತಾರೆ. ಧರ್ಮಸ್ಥಳಕ್ಕೆ ಶಿಡ್ಲಘಟ್ಟದಿಂದ ಬಸ್ಸುಗಟ್ಟಲೆ ಜನ. ಕಾಶಿಯಾದರೂ ದೂರ ಅಂದುಕೊಂಡರೆ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳು ನೂಲು ಹೊತ್ತುಕೊಂಡು ಅಲ್ಲಿಗೇ ಹೋಗಿಬರುತ್ತಿದ್ದರು. ಅವರ ಮಕ್ಕಳು ನಾನು ಪಾಠ ಹೇಳುವ ಕ್ಲಾಸಿನಲ್ಲೇ ಓದುತ್ತಿದ್ದರು. ರಿಜಿಸ್ಟರ್ ಮದುವೆ ಅಂದರೆ ತಿಂಗಳು ಮೊದಲೇ ಕಚೇರಿಯ ಬೋರ್ಡಿಗೆ ನೋಟೀಸು ಹಚ್ಚುತ್ತಿದ್ದರು. ಜಮೀನಿನ ವ್ಯಾಜ್ಯಕ್ಕೆಂದು ಅಪ್ಪ ಆ ಕಚೇರಿಯ ಜಗಲಿಯಲ್ಲೇ ಅರ್ಧ ಆಯಸ್ಸು ಕಳೆದಿದ್ದ. ನೇಪಾಳವಾದರೆ ಪಾಸ್‌ಪೋರ್ಟ್ ಬೇಡ, ಹೆಸರಿಗೆ ಪರದೇಶ, ನಮ್ಮ ಪೈಕಿಯವರ ಕಾಟವಿಲ್ಲ.

ನಾನು ಮದುವೆಯಾಗಹೊರಟಿದ್ದ ಅವರು ಬ್ಯಾಂಕಿನ ಗುಮಾಸ್ತರು. ಶಿಡ್ಲಘಟ್ಟದ ಶಾಖೆಯಲ್ಲಿದ್ದಾಗ, ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು ಸಂಬಳ ಬಿಡಿಸಲು ಹೋದರೆ, ಸಹಿ ಹೊಂದುವುದಿಲ್ಲ ಎಂದು ಚೀಟಿ ವಾಪಸು ತಳ್ಳುತ್ತಿದ್ದರು. ಎರಡನೇ ಸಲ ಕೌಂಟರಿನಲ್ಲೇ ಜಗಳ ಮಾಡಿದೆ. ಮುಂದಿನ ಸಲ ನನ್ನ ಸಹಿ ಹೇಗಿರಬೇಕೆಂದು ಅವರೇ ಒಂದು ರದ್ದಿ ಕಾಗದದ ಮೇಲೆ ಹಾಕಿ ತೋರಿಸಿದರು. ನನಗಿಂತ ಚೆನ್ನಾಗಿ ಹಾಕಿದ್ದರು. ಆಮೇಲೆ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು. ನಾವು ಭಾನುವಾರಗಳಂದು ನಡುವಿನ ಊರಾದ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ಪರದೆ ಎಳೆದ ಫ್ಯಾಮಿಲಿ ರೂಮಿನಲ್ಲಿ ಕೂತು ದೋಸೆ ತಿನ್ನತೊಡಗಿದೆವು.

ಅವರ ಮನೆ ಚಿಂತಾಮಣಿ ಕಡೆ, ಊರಾಚೆಯ ಕಾಲೋನಿಯಲ್ಲಿ. ಅವರಪ್ಪನ ಕಾಲಕ್ಕೇ ಬುದ್ಧನ ಹಾದಿ ಹಿಡಿದ ಮನೆ, ಮಕ್ಕಳೆಲ್ಲ ಓದಿದವರು. ನಮ್ಮದು ಸಾದಲಿ ಹತ್ತಿರದ ಹಳ್ಳಿಯ ಒಕ್ಕಲು ಮನೆ. ಅಪ್ಪ ಕಾಲೋನಿಯವರನ್ನು ಬೈದದ್ದನ್ನು ನಾನು ಕೇಳಿಲ್ಲ. ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದ, ಅಂಗಳದಲ್ಲಿ ನಿಲ್ಲಿಸಿ. ಅವರನ್ನು ಮದುವೆಯಾದರೆ ನನಗೆ ಮತ್ತೆ ತವರಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಅಮ್ಮನನ್ನು ನೋಡದೆ ಇರಬಲ್ಲೆನೇ ಎಂದು ನನ್ನನ್ನೇ ಕೇಳಿಕೊಂಡಾಗಲೆಲ್ಲ ಉತ್ತರ ಬೇರೆ ಬೇರೆ ಬರುತ್ತಿತ್ತು, ಹಾಗಾಗಿ ಕೇಳಿಕೊಳ್ಳುವುದನ್ನೇ ಬಿಟ್ಟೆ.

ಚಳಿಗಾಲವನ್ನು ಆರಿಸಿಕೊಂಡದ್ದಕ್ಕೂ ಲೆಕ್ಕಾಚಾರವಿತ್ತು. ಸಂಕ್ರಾಂತಿ ಕಳೆದ ಮೇಲೆ ನನ್ನನ್ನು ನೋಡಲು ನಗರಗೆರೆ ಕಡೆಯಿಂದ ಒಂದು ಗಂಡು ಬರುವುದಿತ್ತು. ಅದಕ್ಕೆ ಮೊದಲಿನದು ಧನುರ್ಮಾಸ. ಆ ತಿಂಗಳು ನಮ್ಮಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಮಾತುಕತೆಯನ್ನೂ ಆಡುವುದಿಲ್ಲ. ಧನುರ್ಮಾಸದಲ್ಲಿ ಒಬ್ಬಳು ಓಡಿಹೋಗಿ ಮದುವೆಯಾಗುತ್ತಾಳೆ ಎಂದು ನಮ್ಮೂರಿನಲ್ಲಿ ಯಾರಿಗೂ ಕನಸಿನಲ್ಲೂ ಹೊಳೆಯಲಾರದು. ಓಡಿಹೋಗುವವರೂ ಮುಹೂರ್ತ ನೋಡಿಯೇ ಓಡಿಹೋಗುತ್ತಿದ್ದ ಸೀಮೆ ಅದು.

ಮಿಕ್ಕ ತಯಾರಿಯೆಲ್ಲ ಅವರದು. ರೈಲ್ವೆ ಟೈಮ್ ಟೇಬಲ್ ತಂದು ದೋಸೆ ತಟ್ಟೆಯ ಪಕ್ಕ ಬಿಚ್ಚುತ್ತಿದ್ದರು. ಗೌರಿಬಿದನೂರಿನಲ್ಲಿ ಸಂಜೆಯ ಪ್ಯಾಸೆಂಜರ್, ಗುಂತಕಲ್ಲಿನಲ್ಲಿ ಬದಲಾವಣೆ, ಆಮೇಲೆ ದಿನಗಟ್ಟಲೆ ರೈಲು, ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ಬೆಟ್ಟ ಹತ್ತುವುದು. ಕಠ್ಮಂಡುವಿನಲ್ಲಿ ಒಂದು ದೊಡ್ಡ ಸ್ತೂಪ ಇದೆಯೆಂದು ಅವರಪ್ಪ ಹೇಳಿದ್ದರಂತೆ. ಅದರ ಮುಂದೆ ದೀಪ ಹಚ್ಚಿ ಮದುವೆಯಾಗುವುದು ಎಂದು ಗೊತ್ತುಮಾಡಿದೆವು. ನಮ್ಮಲ್ಲಿ ಹೆಚ್ಚಿನ ಚರ್ಚೆಯಾದದ್ದು ಚಳಿಯ ಬಗ್ಗೆ. ಅಲ್ಲಿ ನಲ್ಲಿಯೊಳಗೇ ನೀರು ಗಡ್ಡೆಕಟ್ಟುತ್ತದೆ ಎಂದು ಬ್ಯಾಂಕಿನಲ್ಲಿ ಯಾರೋ ಹೆದರಿಸಿದ್ದರು. ಅದನ್ನು ಕೇಳಿ ಅವರು ಬೆಂಗಳೂರಿನ ಫುಟ್‌ಪಾತಿನಲ್ಲಿ ಟಿಬೆಟಿನವರ ಹತ್ತಿರ ಎರಡು ಸ್ವೆಟರು ಕೊಂಡು ತಂದರು. ಇಟ್ಟಿಗೆ ಬಣ್ಣ, ಕಂಬಳಿಯಷ್ಟು ದಪ್ಪ. ಹಾಕಿಕೊಂಡರೆ ಕೈ ಮಡಿಸಲು ಬರುತ್ತಿರಲಿಲ್ಲ.

"ಈಗಿಂದ್ಲೇ ಅಭ್ಯಾಸ ಮಾಡ್ಕೋಬೇಕು ಟೀಚರಮ್ಮ. ಬೆಳಿಗ್ಗೆ ತಣ್ಣೀರು ಸ್ನಾನ ಮಾಡು" ಎಂದರು. ಮಾಡಿದೆ. ನೆಗಡಿ ಹಿಡಿಯಿತು. ಅಮ್ಮ ಮೆಣಸಿನ ಸಾರು ಮಾಡಿಕೊಟ್ಟಳು, ನಾನು ಅವಳ ಮುಖ ನೋಡದೆ ಕುಡಿದೆ. ಸ್ವೆಟರುಗಳನ್ನು ಅವರ ರೂಮಿನಲ್ಲೇ ಇರಿಸಿದೆವು. ನಮ್ಮ ಸೀಮೆಯಲ್ಲಿ ಅಂಥ ಸ್ವೆಟರು ಹಾಕಿಕೊಂಡವಳಿಗೆ ಜ್ವರ ಬಂದಿರಬೇಕು ಇಲ್ಲವೇ ತಲೆ ಕೆಟ್ಟಿರಬೇಕು.

ದಿನ ಗೊತ್ತುಮಾಡಿದ್ದು ಮಾತ್ರ ನಾನು. ಗೊತ್ತುಮಾಡಿದ್ದು ಹುಳ ನೋಡಿ.

ನಮ್ಮ ಮನೆ ರೇಷ್ಮೆ ಹುಳದ ಮೇಲೆ ನಿಂತಿತ್ತು. ಮನೆಯ ಪಕ್ಕದಲ್ಲೇ ಹುಳ ಮನೆ. ಅಪ್ಪ ಸೊಪ್ಪು ತರುವವನು, ಹುಳ ಸಾಕುವವಳು ಅಮ್ಮ. ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅದರ ಹೊಟ್ಟೆಗೆ ಎಷ್ಟು ಹಾಕಿದರೂ ಸಾಲದು. ಕೊನೆಗೆ ಒಂದು ದಿನ ಮೇವು ನಿಲ್ಲಿಸಿ, ಮೈ ತಿಳಿಯಾಗಿ ಹಣ್ಣಾಗುತ್ತದೆ. ಹಣ್ಣಾದ ಹುಳಗಳನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ಹೆಣಿಗೆಯ ಮೇಲೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತವೆ. ತಡವಾದರೆ ಹುಳ ಸಾಕುವ ಬಿದಿರು ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಆ ದಿನ ಮನೆಯವರೆಲ್ಲರ ಕೈಯೂ ಬೇಕು. ಈ ಬೆಳೆಯ ಹುಳ ಚಂದ್ರಿಕೆ ಹತ್ತಿದ ಮೇಲೆಯೇ ಹೊರಡುವುದು ಎಂದು ನಾನು ಪಟ್ಟು ಹಿಡಿದೆ.

"ಮನೆ ಬಿಟ್ಟು ಓಡಿ ಬರ್ತಿದ್ದೀಯೋ, ಬೆಳೆ ಮುಗಿಸ್ಕೊಂಡು ಬರ್ತಿದ್ದೀಯೋ?" ಎಂದು ಅವರು ಕೇಳಿದರು.

"ಎರಡೂನು" ಎಂದೆ.

ಎಂದಿನ ಬೆಳೆಯಂತೆ ಲೆಕ್ಕ ಹಾಕಿ ದಿನ ಹೇಳಿದ್ದೆ. ಕಠ್ಮಂಡುವಿನ ಚಳಿಗೆ ಅಷ್ಟೆಲ್ಲ ತಲೆ ಕೆಡಿಸಿಕೊಂಡ ನಾನು ಸಾದಲಿಯ ಚಳಿಯನ್ನು ಮರೆತಿದ್ದೆ. ಚಳಿಗೆ ಹುಳ ಮಂಕಾಗುತ್ತದೆ. ಸೊಪ್ಪು ತಿನ್ನುವುದು ನಿಧಾನ, ಜ್ವರ ಏಳುವುದು ನಿಧಾನ, ಬೆಳೆಯೇ ಮುಂದಕ್ಕೆ ಹೋಗುತ್ತದೆ. ಹುಳ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಇದು ತಿಳಿಯದ್ದೇನಲ್ಲ. ಆ ವರ್ಷ ಮಂಜು ಬೇರೆ ಬಿಡದೆ ಸುರಿಯಿತು. ಅಮ್ಮ ಹುಳ ಮನೆಯಲ್ಲಿ ಕೆಂಡದ ಬಾಣಲೆ ಇಟ್ಟು, ಬಾಗಿಲಿಗೆ ಗೋಣಿ ಕಟ್ಟಿ, ತಟ್ಟೆಯಿಂದ ತಟ್ಟೆಗೆ ಓಡಾಡಿದಳು. ನಾಲ್ಕನೇ ಜ್ವರ ಏಳುವುದೇ ತಡವಾಯಿತು.

ಹೊರಡಬೇಕಾದ ದಿನ ಬೆಳಿಗ್ಗೆ ಶಾಲೆಯ ಚೀಲದಲ್ಲಿ ಎರಡು ಸೀರೆ ತುರುಕಿ ತಲೆ ಬಾಚಿಕೊಳ್ಳುತ್ತಿದ್ದೆ. ಅಮ್ಮ ಹುಳ ಮನೆಯಿಂದ ಅಂಗೈ ಚಾಚಿಕೊಂಡು ಬಂದಳು. ಅಂಗೈಯಲ್ಲಿ ಒಂದು ಹುಳ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತಿಳಿ. "ಹಣ್ಣಾಗಕ್ಕೆ ಶುರುವಾಯ್ತು. ಸ್ಕೂಲಿಗೆ ಇವತ್ತು ನಾಳೆ ರಜಾ ಹಾಕಮ್ಮ" ಎಂದಳು.

ನಾನು ಚೀಲ ಕೆಳಗಿಟ್ಟೆ. ಪಾಠವಿದೆ ಎಂದು ಹೇಳಿ ಬಸ್ಸು ಹತ್ತಬಹುದಿತ್ತು. ಹುಳಕ್ಕಾಗಿ ಉಳಿದೆನೋ, ಅಮ್ಮನಿಗಾಗಿಯೋ, ಹೆದರಿಕೆಗೋ ಎಂದು ಆಮೇಲೆ ಅವರು ಬಹಳ ಸಲ ಕೇಳಿದ್ದಾರೆ. ಹುಳಕ್ಕಾಗಿ ಎಂದು ಹೇಳಿದ್ದೇನೆ, ಅದು ಸುಳ್ಳೇನಲ್ಲ. ಫೋನಿರಲಿಲ್ಲ, ಹೇಳಿಕಳಿಸಲು ಜನರಿರಲಿಲ್ಲ. ಸಂಜೆ ಗೌರಿಬಿದನೂರಿನ ಪ್ಲಾಟ್‌ಫಾರಮ್ಮಿನಲ್ಲಿ ಅವರು ಎರಡು ಸ್ವೆಟರು ಇಟ್ಟುಕೊಂಡು ಕಾದರು. ಪ್ಯಾಸೆಂಜರ್ ಬಂತು, ಹೋಯಿತು.

ಮಾರನೇ ದಿನ ಬಿಸಿಲೇರಿತು, ಹುಳಗಳೆಲ್ಲ ಒಟ್ಟಿಗೆ ಹಣ್ಣಾದವು. ಸಾದಲಿಯಲ್ಲಿದ್ದ ಸೋದರಮಾವ ಆಳು ಕಳಿಸುತ್ತೇನೆ ಎಂದಿದ್ದವನು ಕಳಿಸಿರಲಿಲ್ಲ. ಅಮ್ಮ, ನಾನು, ಪಕ್ಕದ ಮನೆಯ ಅಜ್ಜಿ ಆರಿಸುತ್ತಿದ್ದೆವು. ಅಪ್ಪ ಚಂದ್ರಿಕೆ ಹೊತ್ತು ಬಿಸಿಲಿಗೆ ಒರಗಿಸುತ್ತಿದ್ದ. ಆಗ ಅಂಗಳದಲ್ಲಿ ಅವರು ಕಂಡರು. ಇಸ್ತ್ರಿ ಪ್ಯಾಂಟು, ಹೆಗಲಿಗೆ ಚೀಲ, ನಿದ್ದೆಗೆಟ್ಟ ಮುಖ. ನನ್ನನ್ನು ಕೂಡಿಹಾಕಿದ್ದಾರೆ ಎಂದುಕೊಂಡು ಮೊದಲ ಬಸ್ಸಿಗೇ ಹೊರಟು ಬಂದಿದ್ದರಂತೆ.

ಅಪ್ಪ ತಲೆ ಎತ್ತಿದ. "ನಮ್ಮ ಭಾವಮೈದ ಕಳಿಸಿದ್ನಾ? ನಿನ್ನೇನೇ ಬರಬೇಕಿತ್ತಲ್ಲಪ್ಪ. ಕೈಕಾಲು ತೊಳ್ಕೊಂಡು ಒಳಗೆ ಬಾ" ಎಂದ.

ಹುಳ ಮನೆಗೆ ನಮ್ಮಲ್ಲಿ ಹೊರಗಿನವರನ್ನು ಬಿಡುವುದಿಲ್ಲ. ಕಣ್ಣು ಬೀಳುತ್ತದೆ, ಮೈಲಿಗೆಯಾಗುತ್ತದೆ, ರೋಗ ಬರುತ್ತದೆ ಎಂದು ಸ್ವಂತ ಅಕ್ಕತಂಗಿಯರನ್ನೂ ಅಪ್ಪ ಬಾಗಿಲಲ್ಲೇ ತಡೆದದ್ದುಂಟು. ಅವರು ನನ್ನ ಮುಖ ನೋಡಿದರು. "ತೊಳ್ಕೊಂಡು ಬನ್ನಿ, ತೊಟ್ಟಿ ಅಲ್ಲಿದೆ" ಎಂದೆ.

ಅವರು ಜನ್ಮದಲ್ಲಿ ಹುಳ ಮುಟ್ಟಿದವರಲ್ಲ. ಮೊದಲನೆಯದನ್ನು ಎತ್ತುವಾಗ ಮುಖ ಹುಳಿಮಾಡಿದ್ದು ನೋಡಿ ಅಮ್ಮ ನಕ್ಕಳು. "ಹಿಂಡಬೇಡಪ್ಪ, ಹೂವು ಎತ್ತಿದಂಗೆ ಎತ್ತು" ಎಂದು ತೋರಿಸಿಕೊಟ್ಟಳು. ಸಂಜೆಯವರೆಗೆ ಅವರು ಬೆನ್ನೆತ್ತಲಿಲ್ಲ. ಒಂದು ತಟ್ಟೆಯೂ ಹಾಳಾಗಲಿಲ್ಲ.

ಕೆಲಸ ಮುಗಿದ ಮೇಲೆ ಅಪ್ಪ ಅವರನ್ನು ಜಗಲಿಯ ಮೇಲೆ ಕೂಡಿಸಿಕೊಂಡ. ಅಮ್ಮ ಕಾಫಿ ತಂದುಕೊಟ್ಟಳು. "ಸಾದಲೀಲಿ ಯಾರ ಪೈಕಿನಪ್ಪ ನೀನು?" ಎಂದು ಅಪ್ಪ ಕೇಳಿದ.

"ನಾನು ಸಾದಲಿಯವನಲ್ಲ" ಎಂದರು. ಊರು ಹೇಳಿದರು, ಕಾಲೋನಿ ಎಂಬುದನ್ನೂ ಸೇರಿಸಿ ಹೇಳಿದರು. ಬ್ಯಾಂಕಿನ ಕೆಲಸ ಹೇಳಿದರು. "ನಿಮ್ಮ ಮಗಳನ್ನ ಮದುವೆ ಆಗಬೇಕು ಅಂತಿದೀನಿ. ನಿನ್ನೆ ಹೊರಟು ಹೋಗೋರಿದ್ವಿ. ಹುಳ ಹಣ್ಣಾಗಿ ನಿಂತೋಯ್ತು."

ಅಮ್ಮ ತೆಲುಗಿನಲ್ಲಿ "ಅಯ್ಯೋ ದೇವುಡಾ" ಎಂದು ಗೋಡೆಗೆ ಒರಗಿದಳು. ಅಪ್ಪ ಅವರ ಕೈಯಲ್ಲಿದ್ದ ಲೋಟ ನೋಡಿದ, ಆಮೇಲೆ ಸಾಲಾಗಿ ನಿಂತಿದ್ದ ಚಂದ್ರಿಕೆಗಳನ್ನು ನೋಡಿದ. "ಇವನು ಮುಟ್ಟಿದ್ದು ಯಾವ ಚಂದ್ರಿಕೆ?" ಎಂದು ಅಮ್ಮನನ್ನು ಕೇಳಿದ.

"ಎಲ್ಲಾನೂ ಮುಟ್ಟಿದಾನೆ. ಯಾವುದು ಅಂತ ಬಿಸಾಕ್ತೀರಾ?"

ಅಪ್ಪ ಎದ್ದು ಒಂದು ಚಂದ್ರಿಕೆಯನ್ನು ಸರಿಯಾಗಿ ಒರಗಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಹೋಗೋದಾದ್ರೆ ಇವನ ಜೊತೆ ಈಗ್ಲೇ ಹೋಗು. ಹೋದಮೇಲೆ ಈ ಬಾಗಿಲಿಗೆ ಬರಬೇಡ" ಎಂದ. ನನ್ನ ಚೀಲದಲ್ಲಿ ಸೀರೆಗಳು ಹಿಂದಿನ ದಿನ ಮಡಿಸಿಟ್ಟ ಹಾಗೇ ಇದ್ದವು. ಸಂಜೆಯ ಬಸ್ಸಿಗೆ ಇಬ್ಬರೂ ಹೊರಟೆವು. ಊರವರೆಲ್ಲ ನೋಡುತ್ತಿದ್ದರು. ನಾನು ಅಷ್ಟು ಅತ್ತದ್ದು ಆಮೇಲೆ ಎಂದೂ ಇಲ್ಲ.

ಕಠ್ಮಂಡುವಿಗೆ ಹೋಗಲಿಲ್ಲ. "ಎಲ್ಲಾರಿಗೂ ಗೊತ್ತಾದಮೇಲೆ ಯಾರಿಗೆ ಹೆದರಿಕೊಂಡು ಅಷ್ಟು ದೂರ ಹೋಗೋದು?" ಎಂದರು ಅವರು. ಚಿಂತಾಮಣಿಯ ಅವರ ಮನೆಯ ಮುಂದೆಯೇ, ಬುದ್ಧನ ಪಟಕ್ಕೆ ದೀಪ ಹಚ್ಚಿ, ಧನುರ್ಮಾಸದಲ್ಲೇ ಮದುವೆಯಾಯಿತು. ಸ್ವೆಟರುಗಳು ಪೆಟ್ಟಿಗೆಯ ತಳ ಸೇರಿದವು. ಗೌರಿಬಿದನೂರಿನಲ್ಲಿ ಬಾಡಿಗೆ ಮನೆ ಹಿಡಿದೆವು, ನಾನೂ ಅಲ್ಲಿಗೆ ವರ್ಗ ಮಾಡಿಸಿಕೊಂಡೆ.

ಆ ಬೆಳೆ ಗಟ್ಟಿಗೂಡು ಕಟ್ಟಿತಂತೆ. ಮಾರ್ಕೆಟ್ಟಿನಲ್ಲಿ ಕೊಳ್ಳುವವರು ಬುಟ್ಟಿಯ ಸುತ್ತ ನಿಂತು ನೋಡಿದರಂತೆ. ಅದರ ಮುಂದಿನ ಬೆಳೆಗೆ ಹಾಲುತೊಂಡೆ ರೋಗ ಬಂದು ತಟ್ಟೆತಟ್ಟೆಯನ್ನೇ ಗುಂಡಿಗೆ ಸುರಿದರು. ಅದರ ಮುಂದಿನದೂ ಹಾಗೇ ಆಯಿತು. ನಮ್ಮ ಕಡೆ ಕೈಗುಣ ಎನ್ನುವುದೊಂದಿದೆ. ಬಿತ್ತುವುದಕ್ಕೆ, ಹುಳ ಏರಿಸುವುದಕ್ಕೆ ಇಂಥವರ ಕೈಯೇ ಆಗಬೇಕು ಎಂದು ಹುಡುಕಿಕೊಂಡು ಹೋಗುತ್ತಾರೆ. ಅಪ್ಪನಿಗೆ ದೇವರಿಗಿಂತ ಅದರಲ್ಲಿ ನಂಬಿಕೆ ಹೆಚ್ಚು.

ಒಂದು ಬೆಳಿಗ್ಗೆ ಅಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು, ನೀರು ಕುಡಿದು, ಅವರ ಕಡೆ ನೋಡಿ, "ಹುಳ ಹಣ್ಣಾಗ್ತಾ ಇದೆ. ಕರ್ಕೊಂಡು ಬಾ ಅಂದ್ರು" ಎಂದಳು.

"ನನ್ನನ್ನ?" ಎಂದೆ.

"ನಿನ್ನ ವಿಷಯ ಏನೂ ಹೇಳಲಿಲ್ಲಮ್ಮ."

ಹೋಗಬೇಡಿ ಎಂದು ನಾನು ಕೂಗಾಡಿದೆ. ಬೇಕಾದಾಗ ಕೈ ಬೇಕು, ಮನುಷ್ಯ ಬೇಡವೇ ಎಂದೆ. ಅವರು ಬ್ಯಾಂಕಿಗೆ ರಜಾ ಹಾಕಿ ಹೊರಟರು. ಹುಳ ಏನು ಪಾಪ ಮಾಡಿದೆ ಎಂದರು. ಹಿಂತಿರುಗಿದಾಗ, ಊಟ ಎಲ್ಲಿ ಹಾಕಿದರು ಎಂದು ಕೇಳಿದೆ. ಜಗಲಿಯ ಮೇಲೆ ಎಂದರು. ತಟ್ಟೆಯೋ ಎಲೆಯೋ ಎಂದೆ. "ಎಲೆ. ಬಿಡು, ಎಲೆ ಊಟ ಗಮ್ಮಂತಿತ್ತು" ಎಂದು ನಕ್ಕರು. ತಟ್ಟೆಯಾದರೆ ತೊಳೆದು ಒಳಗಿಡಬೇಕು, ಎಲೆಯಾದರೆ ಬಿಸಾಡಬಹುದು; ನನಗೆ ನಗು ಬರಲಿಲ್ಲ. ಆಮೇಲೆ ಬೆಳೆ ಬೆಳೆಗೂ ಹೀಗೇ ನಡೆಯಿತು. ಅಪ್ಪನ ಅಕ್ಕತಂಗಿಯರಿಗೂ ತೆರೆಯದ ಹುಳ ಮನೆಯ ಬಾಗಿಲು ಅವರಿಗೆ ತೆರೆಯಿತು. ಪಕ್ಕದಲ್ಲೇ ಇದ್ದ ಅಡುಗೆಮನೆಯದು ತೆರೆಯಲಿಲ್ಲ. ನನಗೆ ಎರಡೂ ಇಲ್ಲ.

ಕೆಲವು ವರ್ಷದ ಮೇಲೆ ಮತ್ತೊಂದು ಧನುರ್ಮಾಸ. ಅಮ್ಮನಿಗೆ ಮಂಡಿ ನೋವು, ಬಗ್ಗಲಾಗುವುದಿಲ್ಲ ಎಂದು ಕೇಳಿ, ಕರೆಯದಿದ್ದರೂ ನಾನು ಅವರ ಜೊತೆ ಬಸ್ಸು ಹತ್ತಿದೆ. ಮಂಜು ಕವಿದಿತ್ತು. ಪೆಟ್ಟಿಗೆಯಿಂದ ತೆಗೆದ ಕಠ್ಮಂಡು ಸ್ವೆಟರುಗಳನ್ನು ಇಬ್ಬರೂ ಹಾಕಿಕೊಂಡಿದ್ದೆವು. ಅಪ್ಪ ಹುಳ ಮನೆಯ ಬಾಗಿಲಲ್ಲಿ ನಿಂತಿದ್ದ. ಇಳಿದುಹೋಗಿದ್ದ. ನನ್ನ ಮುಖ ನೋಡದೆ, ನನಗೇ, "ಕೈಕಾಲು ತೊಳ್ಕೊಂಡು ಒಳಗೆ ಬಾ" ಎಂದ.

ಮಧ್ಯಾಹ್ನದವರೆಗೆ ಹುಳ ಆರಿಸಿದೆವು. ಊಟದ ಹೊತ್ತಿಗೆ ಅಮ್ಮ ಒಳಗೆ ಅಪ್ಪನ ತಟ್ಟೆಯ ಪಕ್ಕ ನನ್ನ ಹಳೆಯ ತಟ್ಟೆ ಇಟ್ಟಳು. ನಾನು ಶಾಲೆಗೆ ಹೋಗುವಾಗಿನಿಂದ ಉಂಡ ತಟ್ಟೆ, ಅಂಚು ನೆಗ್ಗಿದ್ದು. ಅದನ್ನು ಅವಳು ಎತ್ತಿಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಹೊರಗೆ ಜಗಲಿಯ ಮೇಲೆ ಒಂದು ಎಲೆ ಹಾಸಿತ್ತು.

"ಅಮ್ಮ, ನನಗೂ ಒಂದು ಎಲೆ ಕೊಡು" ಎಂದೆ.

ಅಮ್ಮ ಅಪ್ಪನ ಕಡೆ ನೋಡಿದಳು. ನಾನು ಎಲೆ ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಅವರ ಪಕ್ಕ ಕೂತೆ. ಅಲ್ಲಿಂದ ನಡುಮನೆ ಕಾಣುತ್ತಿತ್ತು. ಅಪ್ಪ ನನ್ನ ಖಾಲಿ ತಟ್ಟೆಯ ಪಕ್ಕ ಊಟಕ್ಕೆ ಕೈ ಹಾಕದೆ ಕೂತಿದ್ದ. ಎದ್ದು ಬರುತ್ತಾನೆ ಎಂದು ನಾನು ಕಾದೆ. ಅಪ್ಪ ಮುದ್ದೆ ಮುರಿದುಕೊಂಡ.