ಬಸ್ಸಿನ ಹಿಂದೆ ಓಡಿದವಳ ಪುಟ

ಸುಜಾತಳ ಪುಟವನ್ನು ಅಳಿಸಿಹಾಕಿಸಿದವನು ನಾನು. ಅದನ್ನು ಉಳಿಸಿಕೊಡುತ್ತೇನೆಂದು ಅವಳ ಅಪ್ಪನ ಕೈಯಿಂದ ಕಾಗದಗಳನ್ನು ಇಸಿದುಕೊಂಡವನೂ ನಾನೇ.

ಈ ಎರಡು ವಾಕ್ಯ ಬರೆಯಲು ಐದು ವರ್ಷ ಹಿಡಿಯಿತು. ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ — ಶಿಡ್ಲಘಟ್ಟದ ಬಸ್ ನಿಲ್ದಾಣದ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟಿರುವ ನಾಗೇಶ ಒಟ್ಟಿಗೆ ಎರಡು ವಾಕ್ಯ ತಮಾಷೆಯಿಲ್ಲದೆ ಆಡಿದ್ದನ್ನು ಈ ತಾಲ್ಲೂಕಿನಲ್ಲಿ ಯಾರೂ ಕೇಳಿಲ್ಲ. ಸಾವಿನ ಮನೆಯಲ್ಲಿ ನಗಿಸಿ ಒದೆ ತಿಂದವನು ನಾನು. ಸ್ವಂತ ಅಕ್ಕನ ಲಗ್ನಪತ್ರಿಕೆ ಟೈಪ್ ಮಾಡುವಾಗ ವರನ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿ, ಅಚ್ಚಾಗಿ ಊರಿಗೆಲ್ಲ ಹಂಚಿದ ಮೇಲೆ ಕಂಡುಕೊಂಡ ಮಹಾನುಭಾವ. ಭಾವ ಇವತ್ತಿಗೂ ನನ್ನನ್ನು ನೋಡಿ ಸರಿಯಾಗಿ ನಗುವುದಿಲ್ಲ. ಅಂಥ ತಪ್ಪುಗಳನ್ನು ಹೇಳಿಕೊಳ್ಳುವುದು ಸುಲಭ. ಕೇಳಿದವರು ನಗುತ್ತಾರೆ, ನಕ್ಕ ಮೇಲೆ ಕ್ಷಮಿಸುತ್ತಾರೆ. ಇದು ಹಾಗಲ್ಲ.

ಅಂತರ್ಜಾಲದಲ್ಲಿ ಕನ್ನಡದ ಒಂದು ವಿಶ್ವಕೋಶವಿದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನೂ ಅಲ್ಲಿ ಕೈಯಾಡಿಸುತ್ತಿದ್ದೆ. ಮೊದಲು ಬರೆದದ್ದು ನನ್ನ ಬಗ್ಗೆಯೇ — 'ಶಿಡ್ಲಘಟ್ಟದ ಸುಪ್ರಸಿದ್ಧ ಹಾಸ್ಯಗಾರ' ಎಂದು. ಮುಂದಿಟ್ಟಿದ್ದ ಟೀ ಆರುವುದರೊಳಗೆ ಅಳಿಸಿದರು. ಅಲ್ಲಿನ ಹಿರಿಯ ಸಂಪಾದಕರೊಬ್ಬರು 'ಇದು ಆಟದ ಮೈದಾನವಲ್ಲ, ತಮ್ಮ' ಎಂದು ಬರೆದರು. ಆ 'ತಮ್ಮ' ನನಗೆ ನಾಟಿತು. ಅವರ ಮುಂದೆ ಬುದ್ಧಿವಂತ ಅನ್ನಿಸಿಕೊಳ್ಳಬೇಕೆಂದು ಹಠ ಬಂತು. 'ಕೊಡಲಿ' ಎಂಬ ಹೆಸರಿಟ್ಟುಕೊಂಡು ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿ, ಯೋಗ್ಯತೆಯಿಲ್ಲದ ಪುಟಗಳನ್ನು ಹುಡುಕಿ ಹುಡುಕಿ ಕಡಿಯುವ ಕೆಲಸಕ್ಕೆ ನಿಂತೆ. ನಿನ್ನೆ ಬೀಡಿ ಬಿಟ್ಟವನು ಇವತ್ತು ಹೊಗೆ ಕಂಡರೆ ಕೆಮ್ಮುವ ಹಾಗೆ.

ಆಗ ಕಣ್ಣಿಗೆ ಬಿದ್ದದ್ದು ಸುಜಾತಳ ಪುಟ. ಸಾದಲಿ ಕಡೆಯ ಹುಡುಗಿ. ಮೂರು ಸಾವಿರ ಮೀಟರ್ ಓಟ — ರಾಜ್ಯದ ಜೂನಿಯರ್ ಕೂಟದಲ್ಲಿ ಮೊದಲ ಸ್ಥಾನ, ರಾಷ್ಟ್ರದ ಜೂನಿಯರ್ ಕೂಟದಲ್ಲಿ ಕಂಚು. ಅವಳ ಶಾಲೆಯ ಪಿ.ಟಿ. ಮೇಷ್ಟ್ರು ಒಂದೇ ಬೆರಳಲ್ಲಿ ಟೈಪ್ ಮಾಡಿ ಹಾಕಿದ್ದ ಆರೇಳು ಸಾಲು. ಮೂಲ, ಆಧಾರ ಏನೂ ಕೊಟ್ಟಿರಲಿಲ್ಲ.

ನನಗೆ ಅವಳು ಗೊತ್ತಿದ್ದಳು. ನಮ್ಮದೂ ಆ ಕಡೆಯ ಹಳ್ಳಿಯೇ. ಬೆಳಗಿನ ಬಸ್ಸಿನಲ್ಲಿ ನಾನು ಕಾಲೇಜಿಗೆ, ಅವಳು ಶಾಲೆಗೆ. ನಾನು ಬಸ್ಸಿನೊಳಗೆ ಕೂತು ಹೋಗುತ್ತಿದ್ದೆ. ಅವಳು ಕಿಟಕಿಯಲ್ಲಿ ಗೆಳತಿ ಕವಿತಳ ಕೈಗೆ ಬ್ಯಾಗು ಕೊಟ್ಟು, ಮುಂದಿನ ಸ್ಟಾಪಿನವರೆಗೆ ಬಸ್ಸಿನ ಹಿಂದೆ ಓಡಿ ಬರುತ್ತಿದ್ದಳು. ಅದೇ ಅವಳ ತರಬೇತಿ. ಕವಿತ ಅರ್ಧ ಮೈ ಕಿಟಕಿಯ ಹೊರಗೆ ಹಾಕಿ "ಬಾರೇ, ಬಾರೇ, ಇನ್ನೊಂಚೂರು ಕಣೇ!" ಎಂದು ಕಿರುಚುತ್ತಿದ್ದಳು. ನಾವು ಹುಡುಗರು ಶಿಳ್ಳೆ ಹೊಡೆಯುತ್ತಿದ್ದೆವು.

ನಿಯಮ ಸ್ಪಷ್ಟವಾಗಿತ್ತು. ಜೂನಿಯರ್ ಪದಕ ಒಂದೇ ಸಾಲದು. ಪತ್ರಿಕೆಗಳು ತಾವಾಗಿಯೇ ಆ ಕ್ರೀಡಾಪಟುವಿನ ಬಗ್ಗೆ ವಿವರವಾಗಿ ಬರೆದಿರಬೇಕು. ಅದಕ್ಕೆ ಕಾರಣವೂ ಇದೆ — ಚಿಕ್ಕ ವಯಸ್ಸಿನವರ ಬಗ್ಗೆ ಗೊತ್ತುಗುರಿಯಿಲ್ಲದವರು ಏನೇನೋ ಬರೆದು, ಅದು ಜನ್ಮವಿಡೀ ಅವರ ಬೆನ್ನು ಹತ್ತಬಾರದೆಂದು. ಆ ಸಾಲನ್ನು ನಾನೇ ಚರ್ಚೆಯಲ್ಲಿ ಎತ್ತಿ ಹಾಕಿದೆ. ಅಳಿಸಬೇಕೆಂದು ಪ್ರಸ್ತಾವ ಇಟ್ಟೆ. ಏಳು ದಿನದ ಚರ್ಚೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ —

'ಕಿಟಕಿಯಲ್ಲಿ ಬ್ಯಾಗು ಕೊಟ್ಟು ಬಸ್ಸಿನ ಹಿಂದೆ ಓಡುವವರೆಲ್ಲ ವಿಶ್ವಕೋಶ ಸೇರಿದರೆ, ಬಸ್ಸು ನಿಲ್ಲಿಸದ ಕಂಡಕ್ಟರಿಗೂ ಒಂದು ಪುಟ ಕೊಡಬೇಕಾದೀತು.'

ಮಾರನೆಯ ಬೆಳಿಗ್ಗೆ ಅದೇ ಹಿರಿಯ ಸಂಪಾದಕರು ಕೆಳಗೆ ಬರೆದಿದ್ದರು: 'ಹಹಹ! ಕೊಡಲಿ ಏಟು ಅಂದರೆ ಇದು.' ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ನಾಲ್ಕನೆಯ ದಿನ ಸುಜಾತಳ ಅಪ್ಪ ಮುನಿರಾಜಣ್ಣ ಅಂಗಡಿಗೆ ಬಂದರು. ಗ್ರಾಮ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ. ಪಿ.ಟಿ. ಮೇಷ್ಟ್ರು ಫೋನ್ ಮಾಡಿ ವಿಷಯ ಹೇಳಿದ್ದರಂತೆ. ಆ ಮನುಷ್ಯ ಕಂಡಿದ್ದ ನೋಟೀಸುಗಳೆಲ್ಲ ತಾಲ್ಲೂಕು ಕಚೇರಿಯವು. ಇದೂ ಅಂಥದ್ದೇ ಎಂದುಕೊಂಡಿದ್ದರು.

"ಏನಪ್ಪ ನಾಗೇಶ, ಮಗೂಗೆ ಆನ್‌ಲೈನ್‌ನಾಗೆ ನೋಟೀಸ್ ಬಂದೈತಂತೆ. ಏಳ್ ದಿವ್ಸ ಟೈಮಂತೆ. ಯಾವ್ ರೆಕಾರ್ಡ್ ಕಮ್ಮಿ ಬಿದ್ದೈತೋ ನೋಡ್ಬುಡು. ಎಲ್ಲಾ ತಂದಿದ್ದೀನಿ."

ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ತೆಗೆದಿಟ್ಟರು. ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ. ಎಲ್ಲದಕ್ಕೂ ಮೂರು ಮೂರು ಪ್ರತಿ, ಎಲ್ಲದರ ಮೇಲೂ ಅಧಿಕಾರಿಯ ಸಹಿ, ಮೊಹರು. ಮಗಳು ಚೆನ್ನಾಗಿ ಓಡುತ್ತಾಳೆ ಎನ್ನುವುದಕ್ಕೆ ತಾನು ಬಡವ ಎಂಬ ದಾಖಲೆ. ನನ್ನ ನಾಲಗೆ ಸುಮ್ಮನಿರಬೇಕಲ್ಲ —

"ಕರೆಂಟ್ ಬಿಲ್ ಎಲ್ಲಣ್ಣ?" ಅಂದೆ.

ಅವರ ಮುಖ ಇಳಿದುಹೋಯಿತು. "ಅದೂ ಬೇಕಾ? ಮಧ್ಯಾಹ್ನದ ಬಸ್ಸಿಗೆ ಹೋಗಿ ತಂದ್ಬುಡ್ತೀನಿ, ಬಾಗ್ಲು ಹಾಕ್ಬ್ಯಾಡ."

"ಬೇಡ ಬೇಡ, ತಮಾಷೆಗಂದೆ" ಎಂದೆ. ಅವರು ನಕ್ಕರು. ನನ್ನನ್ನು ಸಮಾಧಾನ ಮಾಡಲು ನಕ್ಕರು ಎಂದು ಈಗ ಅನ್ನಿಸುತ್ತದೆ.

ಎಲ್ಲದರ ಅಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಎರಡು ಪತ್ರಿಕೆಯ ತುಣುಕುಗಳಿದ್ದವು. ಒಂದು ರಾಜ್ಯಮಟ್ಟದ ಪತ್ರಿಕೆಯ ಕ್ರೀಡಾಪುಟದ್ದು, ಅರ್ಧ ಪುಟ, ಫೋಟೋ ಸಮೇತ. ಇನ್ನೊಂದು ನಮ್ಮ ಜಿಲ್ಲೆಯ ಪತ್ರಿಕೆಯದು. ನಿಯಮ ಕೇಳುತ್ತಿದ್ದದ್ದು ನಿಖರವಾಗಿ ಅವನ್ನೇ. ಮುನಿರಾಜಣ್ಣ ಅವನ್ನು ಪಕ್ಕಕ್ಕೆ ಸರಿಸಿ, "ಇವು ಸುಮ್ಕೆ ಪೇಪರ್‌ನವ್ರು ಬರ್ದಿರೋದು ಕಣಪ್ಪ, ಗೌರ್ಮೆಂಟ್ ಸೀಲಿಲ್ಲ. ಬೇಕಾಗಲ್ವೇನೋ" ಎಂದರು.

"ಇರ್ಲಿ ಬಿಡಣ್ಣ, ಎಲ್ಲಾ ಹಾಕ್ತೀನಿ" ಅಂದೆ.

ಸ್ಕ್ಯಾನ್ ಮಾಡಿದೆ. ಅವರ ಕಾಗದ ಅವರಿಗೆ ಕೊಟ್ಟು ಕಳಿಸಿದೆ. ಆ ಎರಡು ತುಣುಕುಗಳನ್ನು ಚರ್ಚೆಗೆ ಹಾಕಲು ಎಷ್ಟು ಹೊತ್ತು ಬೇಕಿತ್ತು? ಒಂದು ಬೀಡಾ ಅಗಿಯುವಷ್ಟೂ ಇಲ್ಲ. ಆದರೆ ಹಾಕಿದರೆ ನನ್ನ ಪ್ರಸ್ತಾವವನ್ನು ನಾನೇ ಹಿಂದೆ ತೆಗೆದುಕೊಳ್ಳಬೇಕು. 'ತಪ್ಪಾಯಿತು, ಸರಿಯಾಗಿ ಹುಡುಕಿರಲಿಲ್ಲ' ಎನ್ನಬೇಕು. ಆ ನಗು — ಆ ಹಹಹ — ಅದೂ ವಾಪಸ್ಸು ಹೋಗುತ್ತಿತ್ತು.

ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ. ಅವಳ ಮೇಲೆ ಹೊಟ್ಟೆಕಿಚ್ಚಿತ್ತೇ, ದ್ವೇಷವಿತ್ತೇ ಎಂದು. ಇದ್ದಿದ್ದರೆ ಕನಿಷ್ಠ ಕಥೆಗಾದರೂ ಒಂದು ತೂಕ ಬರುತ್ತಿತ್ತು. ಇರಲಿಲ್ಲ. ಒಂದು ಜೋಕು ಕೆಡಬಾರದೆಂದು ಮೂರು ದಿನ ಸುಮ್ಮನೆ ಕೂತೆ. ಏಳನೆಯ ದಿನ ಪುಟ ಹೋಯಿತು. ತುಣುಕುಗಳನ್ನು ಹಾಕಿದ್ದರೂ ಅಳಿಸುತ್ತಿದ್ದರೇನೋ, ಯಾರಿಗೆ ಗೊತ್ತು. ಯಾರಿಗೂ ಗೊತ್ತಾಗದಂತೆ ಮಾಡಿದವನೇ ನಾನು, ಆ ಮಾತಿನ ಹಿಂದೆ ಅಡಗಿಕೊಳ್ಳುವ ಹಕ್ಕು ನನಗಿಲ್ಲ.

ಮುನಿರಾಜಣ್ಣನಿಗೆ ಹೇಳಿದೆ, "ರಿಜೆಕ್ಟ್ ಆಯ್ತಣ್ಣ. ಜೂನಿಯರ್ ಆದ್ರೆ ತಗೊಳ್ಳಲ್ವಂತೆ."

"ಜೂನಿಯರ್ ಅಂದ್ರೆ ಚಿಕ್ಕೋರು ಅಂತ ತಾನೆ? ಹಂಗಾರೆ ದೊಡ್ಡೋಳಾದ್ಮೇಲೆ ತಗೊತಾರೆ. ನಿಂಗೆ ತೊಂದ್ರೆ ಕೊಟ್ಟೆ ಕಣಪ್ಪ" ಎಂದು ಹೊರಟರು.

ದೊಡ್ಡವಳಾದ ಮೇಲೆ ಅವಳು ಓಡಲೇ ಇಲ್ಲ. ಮೊಣಕಾಲು ಕೈಕೊಟ್ಟಿತು. ಅದರಲ್ಲಿ ನನ್ನ ಪಾಲಿಲ್ಲ — ಅಷ್ಟು ಮಟ್ಟಿಗೆ ನಿಜ. ಆದರೆ ಅವಳ ಓಟವೆಲ್ಲ ಆರಂಭವಾಗಿ ಮುಗಿದದ್ದು ಆ ಜೂನಿಯರ್ ವರ್ಷಗಳಲ್ಲೇ. ಮುಂದೆ ದೊಡ್ಡದೇನೋ ಬರುತ್ತದೆ, ಆಗ ಬರೆದರಾಯಿತು ಎಂದು ನಾವು ಅವಳಿಗೆ ಕಾಯಲು ಹೇಳಿದ್ದು ಬಾರದೇ ಹೋದ ಬದುಕಿಗಾಗಿ.

ನನಗೆ ಆಗ ಹೊಳೆಯದ ಇನ್ನೊಂದು ಸಂಗತಿಯಿತ್ತು. ಪುಟ ಅಳಿಯುತ್ತದೆ, ಅಳಿಸುವ ಬಗ್ಗೆ ನಡೆದ ಚರ್ಚೆ ಅಳಿಯುವುದಿಲ್ಲ. ಅದು ಹಳೆಯ ಕಡತವಾಗಿ ಹಾಗೇ ಉಳಿಯುತ್ತದೆ. ಸುಜಾತಳ ಹೆಸರು ಹಾಕಿ ಹುಡುಕಿದರೆ ಪದಕ ಬರುತ್ತಿರಲಿಲ್ಲ, ಓಟ ಬರುತ್ತಿರಲಿಲ್ಲ. ನನ್ನ ಜೋಕು ಬರುತ್ತಿತ್ತು.

ಇದನ್ನು ನನಗೆ ತಿಳಿಸಿದವಳು ಅವಳೇ. ಈ ವರ್ಷ ಯಾವುದೋ ಅರ್ಜಿ ತುಂಬಿಸಲು ಅಂಗಡಿಗೆ ಬಂದಳು. ಈಗ ಮಂಚೇನಹಳ್ಳಿಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಸೇರಿದ ಹೊಸದರಲ್ಲೇ ಮಕ್ಕಳು ಮಿಸ್ ಹೆಸರು ಹುಡುಕಿದ್ದಾರೆ. ಅಂದಿನಿಂದ ಅವಳು ಮೈದಾನಕ್ಕೆ ಇಳಿದರೆ ಹಿಂದಿನ ಸಾಲಿನಿಂದ ಕೂಗು: "ಮಿಸ್, ಬಸ್ ಹೊರಟ್ಹೋಯ್ತು, ಓಡಿ!"

"ನಾಗಣ್ಣ, ಇದನ್ನ ತೆಗೆಸೋಕೆ ಏನಾದ್ರೂ ಅರ್ಜಿ ಐತಾ?" ಎಂದು ಫೋನ್ ಮುಂದಿಟ್ಟಳು. 'ಕೊಡಲಿ' ಎಂಬ ಹೆಸರು ನನ್ನ ಕಣ್ಣಿಗೆ ಹೊಡೆಯಿತು.

"ನೋಡ್ತೀನಮ್ಮ... ಯಾರ್ ಬರ್ದಿದ್ದಾರೋ ಗೊತ್ತಾಗಲ್ಲ ಇದರಲ್ಲಿ."

"ನಂಗೊತ್ತು ಬಿಡಣ್ಣ. ಕಿಟಕೀಲಿ ಬ್ಯಾಗ್ ಕೊಡ್ತಿದ್ದುದು ಯಾರಿಗ್ ಗೊತ್ತಿರುತ್ತೆ? ಇಸ್ಕೊಂಡೋಳಿಗೆ ತಾನೆ. ಕವಿತನ ಜೊತೆ ಮಾತು ಬಿಟ್ಟು ಎರಡ್ ವರ್ಷ ಆಯ್ತು. ಫೋನ್ ಮೇಲೆ ಫೋನ್ ಮಾಡಿದ್ಲು, ನಾನ್ ಎತ್ಲಿಲ್ಲ. ಏನ್ ಅಂತ ಎತ್ಲಿ?"

ಹೇಳಬೇಕಿತ್ತು. ಅಲ್ಲೇ, ಆಗಲೇ. ಬಾಯಿ ತೆರೆದೆ — "ಆಧಾರ್ ಕೊಡಮ್ಮ" ಅಂದೆ. ಅರ್ಜಿ ತುಂಬಿದೆ.

ಅವಳು ಹೋದ ಮೇಲೆ ಸಂಪಾದಕರಿಗೆ ಬರೆದು, ಹುಡುಕಿದರೂ ಕಾಣದಂತೆ ಆ ಚರ್ಚೆಯನ್ನು ಮುಚ್ಚಿಸಿದೆ. ವಾರದ ನಂತರ ಅವಳ ಸಂದೇಶ ಬಂತು: 'ಈಗ ಬರ್ತಿಲ್ಲ ಅಣ್ಣ. ನೀನಿಲ್ದಿದ್ರೆ ಯಾರ್ ಮಾಡ್ತಿದ್ರು. ದೇವ್ರು ಒಳ್ಳೇದ್ ಮಾಡ್ಲಿ.'

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂದೇಶದ ನಂತರ ಜೆರಾಕ್ಸ್ ಯಂತ್ರದ ಬೆಳಕು ಈ ಕಡೆಯಿಂದ ಆ ಕಡೆಗೆ ಹರಿದಾಗಲೆಲ್ಲ ಯಾರೋ ಓಡಿಹೋದ ಹಾಗೆ... ಗಿರಾಕಿಗಳು "ಏನಾಯ್ತೋ ನಾಗ, ಇವತ್ತು ಒಂದೂ ಜೋಕಿಲ್ಲ?" ಎಂದು ಕೇಳುವುದು. ನಾನು ಹೇಳುವುದು. ಅವರು ನಗುವುದು. ನಗು ಕೇಳಿದರೆ ನನಗೆ ಹಹಹ ಎಂಬ ಅಕ್ಷರಗಳೇ ಕಾಣುವುದು.

ಮೊನ್ನೆ ಅಂಗಡಿಯ ಬಾಗಿಲು ಹಾಕಿ ಮಂಚೇನಹಳ್ಳಿಗೆ ಹೋದೆ. ಶಾಲೆಯ ಮೈದಾನದಲ್ಲಿ ಖೋ ಖೋ ಆಡಿಸುತ್ತಿದ್ದಳು. ಮರದ ನೆರಳಿಗೆ ಕರೆದು ಎಲ್ಲ ಹೇಳಿದೆ — ಪ್ರಸ್ತಾವ, ಜೋಕು, ಅವಳ ಅಪ್ಪ ತಂದ ಕವರು, ಹಾಕದೇ ಉಳಿದ ತುಣುಕುಗಳು. ಪುಟವನ್ನು ಮತ್ತೆ ಬರೆಯುತ್ತೇನೆ, ಈಗ ಆಧಾರ ಇದೆ, ನಿಲ್ಲುತ್ತದೆ ಎಂದೆ.

"ಬ್ಯಾಡ. ನನ್ ಬಗ್ಗೆ ನೀನು ಇನ್ನೊಂದಕ್ಷರ ಬರೀಬ್ಯಾಡ."

'ಅಣ್ಣ' ಎನ್ನಲಿಲ್ಲ. ಆಮೇಲೆ ಫೋನ್ ತೆಗೆದು ಕವಿತಳಿಗೆ ಮಾಡಿದಳು. ನನ್ನ ಎದುರಿಗೇ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು. ಮತ್ತೆ ನಿಂತಿತು.

"ಎರಡ್ ವರ್ಷ ಅವಳು ಮಾಡ್ದಾಗ ನಾನ್ ಎತ್ಲಿಲ್ಲ" ಎಂದಳು, ನನಗಲ್ಲ, ಫೋನಿಗೆ. "ಈಗ ಅವಳ್ಯಾಕ್ ಎತ್ತಾಳೆ?"

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

"ವಿದುರಾಶ್ವತ್ಥಕ್ಕೆ ಕೊಟ್ಟವ್ರೆ ಅವಳನ್ನ. ನೀನೇ ಹೋಗಿ ಹೇಳು. ಆ ಕೊಡಲಿ ಗಿಡಲಿ ಅಂತಲ್ಲ, ನಿನ್ ಹೆಸ್ರು ಹೇಳು. ಹೇಳಿ ಬಂದ್ಮೇಲೂ ನನ್ ಮುಂದೆ ಬರ್ಬ್ಯಾಡ."

ಸೀಟಿ ಊದಿ ಮಕ್ಕಳ ಕಡೆಗೆ ನಡೆದಳು. ಎಡಗಾಲು ಸ್ವಲ್ಪ ಎಳೆಯುತ್ತದೆ. ನಾನು ಅದನ್ನು ಅದುವರೆಗೆ ಗಮನಿಸಿರಲಿಲ್ಲ.

ನಾಳೆ ವಿದುರಾಶ್ವತ್ಥಕ್ಕೆ ಹೋಗುತ್ತೇನೆ. ಕವಿತಳ ಗಂಡ, ಅತ್ತೆ, ಯಾರು ಬಾಗಿಲು ತೆಗೆದರೂ ಅವರೆದುರಿಗೇ ಹೇಳುತ್ತೇನೆ. ಬೆಳಗಿನಿಂದ ಮೊದಲ ಮಾತು ಹೇಗಿರಬೇಕೆಂದು ಒಬ್ಬನೇ ಕೂತು ಹೇಳಿಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಕೊನೆಗೊಂದು ನಗುವಿನ ಮಾತು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಅದನ್ನು ಕಿತ್ತುಹಾಕಿ, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದೇನೆ.